ಅಂಗಡಿಯ ಲೆಕ್ಕಕ್ಕೆ ಮನೆಯಲ್ಲೊಂದು ಪ್ರತಿ

ಅಂಗಡಿಯ ಷಟರ್ ಎಳೆದು, ಎರಡು ಬೀಗ ಜಡಿದು ಮನೆಗೆ ಬರುವ ನಿಮ್ಮವರನ್ನು ಒಂದು ಮಾತು ಕೇಳಿ ನೋಡಿ. ಇಂದು ರಾತ್ರಿ ಅಂಗಡಿಯ ಕಂಪ್ಯೂಟರ್ ಸುಟ್ಟುಹೋದರೆ ಯಾರಿಂದ ನಮಗೆಷ್ಟು ಬರಬೇಕು, ನಾವು ಯಾರಿಗೆಷ್ಟು ಕೊಡಬೇಕು ಎಂದು ತಿಳಿಯುವುದು ಹೇಗೆ? ಅಂಗಡಿ ನಿಮ್ಮದೇ ಆಗಿದ್ದರೆ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಪರಶುರಾಂಪುರದಂತಹ ಹೋಬಳಿ ಊರಿನಲ್ಲಿ ವ್ಯಾಪಾರ ನಡೆಯುವುದು ಉದ್ರಿಯ ಮೇಲೆ. ದಿನಸಿ, ಬಟ್ಟೆ ಒಯ್ದವರು "ಶೇಂಗಾ ಬಂದ ಮೇಲೆ ಕೊಡ್ತೀವಿ" ಎನ್ನುತ್ತಾರೆ. ಮಳೆ ಕೈಕೊಟ್ಟರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಕೊಟ್ಟ ರೇಷ್ಮೆ ನೂಲಿನ ಲೆಕ್ಕ, ಕೂಲಿಯ ಮುಂಗಡ ಎಲ್ಲವೂ ಇದೇ ಬಗೆಯದು. ಹಿಂದೆ ಇದೆಲ್ಲ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿರುತ್ತಿತ್ತು. ಈಗ ಟ್ಯಾಲಿಯಲ್ಲೋ ಮೊಬೈಲಿನಲ್ಲೋ ಇರುತ್ತದೆ. ಪುಸ್ತಕ ಒದ್ದೆಯಾದರೆ ಒಣಗಿಸಿ ಓದಬಹುದಿತ್ತು. ಹಾರ್ಡ್ ಡಿಸ್ಕ್ ಕೆಟ್ಟರೆ ಒಂದು ಅಂಕಿಯೂ ಸಿಗದಿರಬಹುದು.

ಬರದ ಸೀಮೆಗೆ ನೆರೆ ಎಲ್ಲಿಂದ ಬಂತು ಎನ್ನಬೇಡಿ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿ ಕೋಡಿ ಬಿದ್ದು ವೇದಾವತಿ ತುಂಬಿ ಹರಿಯಿತು. ಕಳ್ಳತನ, ಬೆಂಕಿ, ವಿದ್ಯುತ್ತಿನ ಏರಿಳಿತಗಳಂತೂ ಎಲ್ಲ ಕಾಲಕ್ಕೂ ಇದ್ದದ್ದೇ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು ಗೊತ್ತೇ? ಸಾಲವನ್ನು ಬರೆದಿಡುವ ಕುರಿತಾದ, ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತ. ಮೊತ್ತ ಸಣ್ಣದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಕಲಿಸುತ್ತದೆ. ಬರೆದದ್ದು ಉಳಿಯದಿದ್ದರೆ ಬರೆದು ಪ್ರಯೋಜನವೇನು? ವರ್ಷಾಂತ್ಯದಲ್ಲಿ ಝಕಾತ್ ಲೆಕ್ಕ ಹಾಕುವಾಗಲೂ ಸರಕು, ಬಾಕಿ, ಸಾಲ ಗೊತ್ತಿರಬೇಕು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮನೆಯ ಯಜಮಾನ ತೀರಿಕೊಂಡಾಗ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಬೇಕು. ಬಾಗಿಲಿಗೆ ಬಂದು "ನನಗೆ ಇಷ್ಟು ಬರಬೇಕಿತ್ತು" ಎನ್ನುವವರ ಮಾತು ನಿಜವೋ ಸುಳ್ಳೋ ಎಂದು ನಿರ್ಧರಿಸಬೇಕಾದ ವಿಧವೆಯ ಕೈಯಲ್ಲಿ ಲೆಕ್ಕವಿಲ್ಲದಿದ್ದರೆ ಆಕೆಯ ಪಾಡೇನು?

ಮನೆಯಲ್ಲಿದ್ದ ಒಂದು ಪ್ರತಿ ದೊಡ್ಡ ಕಂಪನಿಯೊಂದನ್ನು ಉಳಿಸಿದ ಪ್ರಸಂಗ ಕೇಳಿ. 1998ರಲ್ಲಿ ಅಮೆರಿಕದ ಪಿಕ್ಸರ್ ಸಂಸ್ಥೆ 'ಟಾಯ್ ಸ್ಟೋರಿ 2' ಎಂಬ ಮಕ್ಕಳ ಚಿತ್ರ ತಯಾರಿಸುತ್ತಿತ್ತು. ಕಂಪ್ಯೂಟರಿಗೆ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಕಚೇರಿಯ ಬ್ಯಾಕಪ್ ತೆರೆದರೆ ಅದೂ ಸರಿಯಿರಲಿಲ್ಲ. ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಹೆರಿಗೆಯಾದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಚಿತ್ರದ ಒಂದು ಪ್ರತಿ ಅವರ ಮನೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸನ್ನು ಒಯ್ಯುವಷ್ಟೇ ಜೋಪಾನವಾಗಿ ಕಾರಿನಲ್ಲಿ ಕಚೇರಿಗೆ ತಂದರು. ಬಾಣಂತಿಯ ಮನೆಯಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು, 1999ರಲ್ಲಿ ತೆರೆಕಂಡಿತು.

ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಎರಡು ಪೆನ್ ಡ್ರೈವ್ ಅಥವಾ ಎರಡು ಚಿಕ್ಕ ಹಾರ್ಡ್ ಡಿಸ್ಕ್ ಸಾಕು. ವಾರಕ್ಕೊಂದು ದಿನ, ಗುರುವಾರ ರಾತ್ರಿ ಎಂದಿಟ್ಟುಕೊಳ್ಳಿ, ಟ್ಯಾಲಿಯಲ್ಲೇ ಇರುವ ಬ್ಯಾಕಪ್ ಆಯ್ಕೆಯಿಂದ ಲೆಕ್ಕವನ್ನು ಒಂದಕ್ಕೆ ಇಳಿಸಿ ಮನೆಗೆ ತರಲಿ. ಮುಂದಿನ ವಾರ ಇನ್ನೊಂದರ ಸರದಿ. ಒಂದು ಅಂಗಡಿಗೆ ಹೋದಾಗ ಮತ್ತೊಂದು ನಿಮ್ಮ ಬೀರುವಿನಲ್ಲೇ ಇರುತ್ತದೆ. ಮೇಲೆ ದಿನಾಂಕದ ಚೀಟಿ ಅಂಟಿಸಿ. ಪ್ರತಿ ಇಳಿಸಿದ ಕೂಡಲೇ ಕಂಪ್ಯೂಟರಿನಿಂದ ಕಳಚಲೇಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ 'ವನ್ನಾಕ್ರೈ'ನಂತಹ ವೈರಸ್ಸುಗಳು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತವೆ. ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ ಇರುವವರು ಗಮನಿಸಿ. ನಿಮಗೆ ಮನೆ ಎಂಬುದು ಬೇರೆ ಜಾಗವೇ ಅಲ್ಲ. ಬೆಂಕಿ ಬಿದ್ದರೆ ಎರಡಕ್ಕೂ ಬೀಳುತ್ತದೆ. ಒಂದು ಪ್ರತಿ ಚಳ್ಳಕೆರೆಯ ತವರಿನಲ್ಲೋ, ಬೇರೆ ಬೀದಿಯ ನಾದಿನಿಯ ಮನೆಯಲ್ಲೋ ಇರಲಿ. ಬೇರೆಯವರ ಕೈಗೆ ಕೊಡುವಾಗ ಪಾಸ್‌ವರ್ಡ್ ಹಾಕಿರಬೇಕು, ಏಕೆಂದರೆ ಅದರಲ್ಲಿ ಗಿರಾಕಿಗಳ ಸಾಲದ ಗುಟ್ಟೂ ಇದೆ. ಇಂಟರ್‌ನೆಟ್ ಚೆನ್ನಾಗಿದ್ದರೆ ಗೂಗಲ್ ಡ್ರೈವ್‌ನಲ್ಲೂ ಇಡಬಹುದು. ಚಿಕ್ಕ ಅಂಗಡಿಗೆ ಅದರ ಉಚಿತ ಜಾಗ ಧಾರಾಳ. ಇನ್ನೂ ಪುಸ್ತಕದಲ್ಲೇ ಬರೆಯುವವರು ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದಿಟ್ಟರೆ ಸಾಕು.

ಬಹಳ ಮಂದಿ ಪ್ರತಿ ಇಡುತ್ತಾರೆ, ತೆರೆದು ನೋಡುವುದಿಲ್ಲ. ಪಿಕ್ಸರ್‌ನವರೂ ನೋಡಿರಲಿಲ್ಲ! ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಗೊತ್ತಿರುವ ನಾಲ್ಕು ಖಾತೆಗಳ ಬಾಕಿ ತಾಳೆ ನೋಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಈ ಪ್ರಯೋಗ ಬೇಡ; ಹಳೆಯ ಲೆಕ್ಕ ಹೊಸದರ ಮೇಲೆ ಕುಳಿತುಬಿಡುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆ ಉಳಿಸಬೇಕು. ಹೀಗಾಗಿ ವರ್ಷಾಂತ್ಯದ ಪ್ರತಿಯೊಂದನ್ನು ಅಳಿಸದೆ ಪ್ರತ್ಯೇಕ ಇಡಿ.

ಇನ್ನು ಪಾಸ್‌ವರ್ಡ್. ಅದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಬೀರುವಿನ ಡಿಸ್ಕ್ ಆಪತ್ತಿಗೆ ಬಾರದು. ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ಮನೆಪತ್ರಗಳ ಜೊತೆ ಇಡಿ. ಡಿಸ್ಕಿನ ಪಕ್ಕದಲ್ಲಿ ಮಾತ್ರ ಬೇಡ. ಮೊಬೈಲಿನ ಖಾತೆ ಆ್ಯಪ್ ಯಾವ ನಂಬರಿನ ಮೇಲಿದೆ ಎಂಬುದನ್ನೂ ಅದರಲ್ಲೇ ಬರೆಯಿರಿ. ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತುಹೋಗದಂತೆ ನೋಡಿಕೊಳ್ಳಿ.