ದೇಶದ ಸರಾಸರಿಯೂ ಬೆಂಗಳೂರಿನ ಸೈಟೂ

ದೇಶದಲ್ಲಿ ಮನೆಗಳ ಬೆಲೆ ಶೇಕಡಾ ಇಷ್ಟು ಏರಿತೆಂದು ಮೂರು ತಿಂಗಳಿಗೊಮ್ಮೆ ಬರುವ ಸುದ್ದಿಯ ಹಿಂದೆ ಮುಖ್ಯವಾಗಿ ಎರಡು ಸೂಚ್ಯಂಕಗಳಿವೆ. ಒಂದು, ರಿಸರ್ವ್ ಬ್ಯಾಂಕು ಬಹುಕಾಲ 2010-11ನೇ ಸಾಲನ್ನು ಆಧಾರ ವರ್ಷವೆಂದು ಹಿಡಿದು, ಅಂದರೆ ಆ ಸಾಲಿನ ಬೆಲೆಯನ್ನು 100 ಎಂದೆಣಿಸಿ, ಬೆಂಗಳೂರೂ ಸೇರಿದಂತೆ ಹತ್ತು ನಗರಗಳ ನೋಂದಣಿ ದಾಖಲೆಗಳಿಂದ ಕಟ್ಟುತ್ತಿದ್ದದ್ದು. ಇನ್ನೊಂದು, ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲಿ ಆರಂಭಿಸಿ ಮುಂದೆ 50 ನಗರಗಳಿಗೆ ವಿಸ್ತರಿಸಿದ ರೆಸಿಡೆಕ್ಸ್.

ನೋಂದಣಿ ದಾಖಲೆಯನ್ನು ನೆಚ್ಚಿದ ಲೆಕ್ಕಕ್ಕೆ ತನ್ನದೇ ಆದ ತೊಡಕಿದೆ. ಕ್ರಯಪತ್ರದಲ್ಲಿ ಕಾಣುವ ಮೊತ್ತ ಎಷ್ಟೋ ಸಲ ಕೈಬದಲಾದ ಹಣವಾಗಿರದೆ, ಮಾರ್ಗಸೂಚಿ ದರಕ್ಕೆ, ಎಂದರೆ ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಸರ್ಕಾರ ಪ್ರತಿ ಬಡಾವಣೆಗೂ ಗೊತ್ತುಪಡಿಸುವ ಕನಿಷ್ಠ ಬೆಲೆಗೆ, ಹೊಂದಿಸಿ ಬರೆದದ್ದಾಗಿರುತ್ತದೆ. ಕರ್ನಾಟಕದಲ್ಲಿ ಈ ದರ 2023ರ ಅಕ್ಟೋಬರಿನಲ್ಲಿ ಪರಿಷ್ಕರಣೆಗೊಂಡಾಗ, ಮಾರುಕಟ್ಟೆ ಕದಲದ ಕಡೆಯೂ ಕಾಗದದ ಮೇಲಿನ ಬೆಲೆ ಏರಲು ದಾರಿಯಾಯಿತು.

ಇಂಥ ದರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ; ದೇಶಕ್ಕೆಲ್ಲ ಒಂದೇ ಆಗಿರುವುದು ಸಾಲದ ಬಡ್ಡಿಯ ದಿಕ್ಕು ಮಾತ್ರ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ರೆಪೊ ದರ 2025ರ ಫೆಬ್ರವರಿಯಿಂದ ಜೂನ್‌ವರೆಗೆ ಶೇ. 6.5ರಿಂದ 5.5ಕ್ಕೆ ಇಳಿಯಿತು. 50 ಲಕ್ಷ ರೂಪಾಯಿಯ 20 ವರ್ಷದ ಗೃಹಸಾಲದ ಬಡ್ಡಿ ಇದೇ ಪ್ರಮಾಣದಲ್ಲಿ, ಶೇ. 8.5ರಿಂದ 7.5ಕ್ಕೆ ಇಳಿದರೆ, ತಿಂಗಳ ಕಂತಿನಲ್ಲಿ ಸುಮಾರು 3,100 ರೂಪಾಯಿ ಉಳಿಯುತ್ತದೆ. ಆದರೆ ಭೂಮಿಯೂ ಅದರ ನೋಂದಣಿಯ ವೆಚ್ಚವೂ ಬಹುಪಾಲು ರಾಜ್ಯದ ಕೈಯಲ್ಲಿದ್ದು, ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿದ್ದರಿಂದ, 80 ಲಕ್ಷದ ಮನೆಗೆ ಮೊದಲ ದಿನವೇ 80,000 ರೂಪಾಯಿ ಹೆಚ್ಚುವರಿ ಹೊರೆ ಬಿದ್ದಿತು; ಕಂತಿನಲ್ಲಿ ಎರಡು ವರ್ಷ ಉಳಿಸಿದರೂ ಅದು ತೀರುವುದಿಲ್ಲ. ದೆಹಲಿಯದೋ ಲಖನೌದ್ದೋ ಖರೀದಿದಾರನಿಗೆ ಈ ಹೊರೆಯ ಸುಳಿವೇ ಇಲ್ಲ.

ಬೆಂಗಳೂರಿನ ಗುಣವೇ ಬೇರೆ. ಮುಂಬಯಿಯಲ್ಲಿ ಮನೆಯೆಂದರೆ ಹೆಚ್ಚಾಗಿ ಫ್ಲ್ಯಾಟು. ಇಲ್ಲಿ ಅಪಾರ್ಟ್‌ಮೆಂಟುಗಳು ಎಷ್ಟೇ ಎದ್ದರೂ ಮಧ್ಯಮವರ್ಗದ ಕನಸು ಇನ್ನೂ ಮೂವತ್ತು–ನಲವತ್ತರ ಸೈಟು, ಅಂದರೆ 1,200 ಚದರ ಅಡಿ ನೆಲ, ಕೆಳಗೆ ಮಾಲೀಕರ ಸಂಸಾರ, ಮೇಲಿನ ಅಂತಸ್ತುಗಳಲ್ಲಿ ಬಾಡಿಗೆದಾರರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಸಾಕೆಂದರೂ, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಈ ನಗರದಲ್ಲಿ ಬೇರೂರಿದೆ. ಸೈಟಿನ ಬೆಲೆ ಅದರ ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಮೇಲೂ ನಿಂತಿದೆ: ಒಂದೇ ಅಳತೆಯ ಎರಡು ಸೈಟುಗಳಲ್ಲಿ ಒಂದು ಅನುಮೋದಿತ ಬಡಾವಣೆಯ ಎ ಖಾತಾ, ಇನ್ನೊಂದು ಅನುಮೋದನೆ ಪಡೆಯದ ಕಂದಾಯ ಭೂಮಿಯ ಬಿ ಖಾತಾ ಆಗಿದ್ದರೆ, ಎರಡನೆಯದಕ್ಕೆ ಸಾಲ ಸಿಗುವುದೇ ಕಷ್ಟವಾಗಿ ಬೆಲೆಯೂ ಇಳಿಯುತ್ತದೆ. ನೀರೂ ಬೆಲೆ ಕಟ್ಟುತ್ತದೆ: 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಹೊರವಲಯದ ಬಡಾವಣೆಗಳು ಟ್ಯಾಂಕರಿಗೆ ಕಾದು ನಿಂತವು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಗೊಂಡದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಖಾತೆಗೂ ನೀರಿಗೂ ರಾಷ್ಟ್ರೀಯ ಸೂಚ್ಯಂಕದಲ್ಲಿ ಅಂಕಣವಿಲ್ಲ. ಸೈಟು ಕೊಳ್ಳಹೊರಟವರು ಆ ಅಂಕಿಯನ್ನು ಬದಿಗಿಟ್ಟು, ಋಣಭಾರ ಪತ್ರ, ಇ-ಖಾತಾ ಮತ್ತು ಅದೇ ಬೀದಿಯ ಇತ್ತೀಚಿನ ಎರಡು ಮೂರು ಕ್ರಯಪತ್ರಗಳನ್ನು ಮೊದಲು ನೋಡಲಿ.