ಡ್ರೈವಿಂಗ್ ಸ್ಕೂಲ್ ಸರ್ಟಿಫಿಕೇಟ್ ಇದ್ದರೆ ಆರ್‌ಟಿಒ ಟೆಸ್ಟ್ ಬೇಡವೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ವಿಷಯ

"ಇನ್ಮೇಲೆ ಟೆಸ್ಟೇ ಇಲ್ವಂತೆ, ಸ್ಕೂಲ್‌ನೋರೇ ಲೈಸೆನ್ಸ್ ಕೊಡ್ತಾರಂತೆ!" ಯಲಹಂಕದಲ್ಲಿರುವ ನಮ್ಮ ಚಿಕ್ಕಮ್ಮ ಫ್ಯಾಮಿಲಿ ಗ್ರೂಪ್‌ಗೆ ಹೀಗೊಂದು ಮೆಸೇಜ್ ಹಾಕಿದ್ದರು. ಅವರು ಆಗಷ್ಟೇ ಕಾರು ಕಲಿಯಲು ಫೀಸ್ ಕಟ್ಟಿದ್ದರು. 2024ರ ಮೇ ಕೊನೆಯಲ್ಲಿ ಹರಡಿದ ಈ ಸಂದೇಶ ನಿಮಗೂ ಬಂದಿರಬಹುದು. ಜೂನ್ 1ರಿಂದ ಹೊಸ ನಿಯಮ, ಖಾಸಗಿ ಡ್ರೈವಿಂಗ್ ಸ್ಕೂಲ್‌ಗಳಲ್ಲೇ ಪರೀಕ್ಷೆ ಎಂದು ಅದರಲ್ಲಿತ್ತು.

ಇದು ನಿಜವಲ್ಲ. ಜೂನ್ 1ರಿಂದ ಯಾವ ಬದಲಾವಣೆಯೂ ಇಲ್ಲ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆಗಲೇ ಸ್ಪಷ್ಟಪಡಿಸಿತ್ತು.

ಹಾಗಾದರೆ ಸುದ್ದಿ ಹುಟ್ಟಿದ್ದೆಲ್ಲಿ? 2021ರ ಜುಲೈ 1ರಿಂದ 'ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ' ಎಂಬ ವ್ಯವಸ್ಥೆ ಜಾರಿಯಲ್ಲಿದೆ. ಇಂಥ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ ಇರಬೇಕು. ಕಾರಿನ ಕೋರ್ಸ್ 29 ಗಂಟೆ, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಇಲ್ಲಿ ಪಾಸಾದವರಿಗೆ ಸಿಗುವುದು ಫಾರ್ಮ್ 5ಬಿ. ಅದಿದ್ದವರಿಗೆ ಮಾತ್ರ ಟೆಸ್ಟ್‌ನಿಂದ ವಿನಾಯಿತಿ. ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲ್ ಕೊಡುವುದು ಫಾರ್ಮ್ 5, ಅದಕ್ಕೆ ವಿನಾಯಿತಿ ಇಲ್ಲ. ಒಂದು 'ಬಿ' ಅಕ್ಷರ ಬಿಟ್ಟುಹೋಗಿ ಇಷ್ಟೆಲ್ಲ ಗೊಂದಲ. ಎರಡೂ ಸಂದರ್ಭದಲ್ಲಿ ಲೈಸೆನ್ಸ್ ಕೊಡುವವರು ಆರ್‌ಟಿಒದವರೇ, ಸ್ಕೂಲ್‌ನವರಲ್ಲ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಪಕ್ಕದ ಸೀಟಿನಲ್ಲಿ ಕೂರುವವರ ವಿಷಯ. ಎಲ್‌ಎಲ್ ಇಟ್ಟುಕೊಂಡು ಕಲಿಯುವಾಗ ಜೊತೆಗೆ ಒಬ್ಬ 'ಬೋಧಕ' ಇರಲೇಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ. ಅವರಿಗೆ ಆ ವಾಹನದ ಚಾಲ್ತಿ ಲೈಸೆನ್ಸ್ ಇರಬೇಕು, ಗಾಡಿಯನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವಂತೆ ಕೂತಿರಬೇಕು. ಅಂದರೆ ಭಾನುವಾರ ಜಕ್ಕೂರಿನ ಕಡೆ ನಿಮಗೆ ಕಾರು ಕಲಿಸುವ ಅಣ್ಣನೂ ಕಾನೂನಿನ ಕಣ್ಣಲ್ಲಿ ಬೋಧಕನೇ. ಮೊಬೈಲ್ ನೋಡುತ್ತ ಕೂತರೆ ಆ ಕೆಲಸ ಮಾಡಿದಂತಾಗುವುದಿಲ್ಲ.

ಸ್ಕೂಲ್‌ನಲ್ಲಿ ಕಲಿಸುವವರಿಗೆ ಇನ್ನೂ ಹೆಚ್ಚಿನ ಅರ್ಹತೆ ಬೇಕು: ಕನಿಷ್ಠ ಹತ್ತನೇ ತರಗತಿ, ಐದು ವರ್ಷದ ಚಾಲನಾ ಅನುಭವ, ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ. ಗಾಡಿಯ ಭಾಗಗಳ ಕೆಲಸವನ್ನು ವಿವರಿಸಿ ಹೇಳಲು ಬರಬೇಕು ಎಂದೂ ನಿಯಮದಲ್ಲಿದೆ. ಚೆನ್ನಾಗಿ ಓಡಿಸಲು ಬಂದರೆ ಸಾಲದು ಎಂದಾಯಿತು. ಅದೇ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆಯಲ್ಲ, ವಿಮಾನ ಹಾರಿಸುವುದರಲ್ಲೂ ಇದೇ ಲೆಕ್ಕ. ಪೈಲಟ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಲಿಸುವಂತಿಲ್ಲ, ಬೋಧಕರಾಗಲು ಬೇರೆಯದೇ ಅರ್ಹತೆ ಪಡೆಯಬೇಕು.

ಸ್ಕೂಲ್ ಕಾರಿನಲ್ಲಿ ಬೋಧಕರ ಕಾಲ ಬಳಿಯೂ ಪೆಡಲ್ ಇರುತ್ತದೆ. ಅದು ನಮ್ಮ ಜೀವ ಕಾಯುತ್ತದೆ, ಜೊತೆಗೆ ನಮ್ಮನ್ನು ಮೋಸವೂ ಮಾಡುತ್ತದೆ. ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಆಟೊ ಅಡ್ಡ ಬಂದಾಗ ಕಾರು ನಿಂತಿತು, "ನಾನೇ ನಿಲ್ಲಿಸಿದೆ" ಎಂದು ಚಿಕ್ಕಮ್ಮ ಖುಷಿಪಟ್ಟಿದ್ದರು. ಬ್ರೇಕ್ ಒತ್ತಿದ್ದು ಯಾರು ಎಂದು ಕೇಳಲು ನಾನು ಹೇಳಿದೆ. ಮರುದಿನ ಕೇಳಿದರೆ ಸರ್ ನಕ್ಕು, "ಹತ್ತರಲ್ಲಿ ಆರು ಸಲ ನಾನೇ ಅಮ್ಮ" ಅಂದರಂತೆ.

ನೀವೂ ಇದನ್ನೇ ಕೇಳಿ. ಪ್ರತಿ ಸಲ ಪೆಡಲ್ ಒತ್ತಿದಾಗ "ಈಗ ನಾನು ಒತ್ತಿದೆ" ಎಂದು ಬಾಯಿಬಿಟ್ಟು ಹೇಳಲು ತಿಳಿಸಿ. ಕೋರ್ಸ್ ಮುಗಿಯುತ್ತ ಬಂದಂತೆ ಆ ಸಂಖ್ಯೆ ಇಳಿಯಬೇಕು. ಇಳಿಯದಿದ್ದರೆ ಕಾರು ಓಡಿಸುತ್ತಿರುವವರು ಅವರೇ, ನೀವು ಸ್ಟೀರಿಂಗ್ ಹಿಡಿದಿದ್ದೀರಿ ಅಷ್ಟೇ. ಆರ್‌ಟಿಒ ಟೆಸ್ಟ್‌ನಲ್ಲಿ ಏರಿನಲ್ಲಿ ನಿಲ್ಲಿಸಿ ಹೊರಡುವುದು, ರಿವರ್ಸ್ ಹೋಗುವುದು ಎಲ್ಲವನ್ನೂ ನಿಮ್ಮ ಕಾಲೇ ಮಾಡಬೇಕು.

ಚಿಕ್ಕಮ್ಮ ಆ ಮೆಸೇಜ್ ಡಿಲೀಟ್ ಮಾಡಿ, ಇನ್ನೊಂದು ವಾರದ ಕ್ಲಾಸ್‌ಗೆ ದುಡ್ಡು ಕಟ್ಟಿದರು.