ಹದಿಹರೆಯದ ಮೊಡವೆ: ಸಣ್ಣ ಗುಳ್ಳೆಯ ದೊಡ್ಡ ಭಾರ

ಹದಿನೈದರ ಮಗಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರೆ ಅದು ಅಲಂಕಾರದ ಹುಚ್ಚೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಆಕೆ ನೋಡುತ್ತಿರುವುದು ತನ್ನ ಚೆಲುವನ್ನಲ್ಲ, ಬೆಳಗಾಗುವುದರೊಳಗೆ ಗಲ್ಲದ ಮೇಲೆ ಎದ್ದಿರುವ ಕೆಂಪು ಗುಳ್ಳೆಯನ್ನು. ಅದು ಗೊತ್ತಾದರೂ "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ, ಮದುವೆಯಾದ ಮೇಲೆ ಸರಿಹೋಗುತ್ತದೆ" ಎಂದು ತಾಯಿ ತನ್ನ ಕೆಲಸಕ್ಕೆ ತೊಡಗುತ್ತಾಳೆ.

ಇದ್ದದ್ದೇ ಎಂಬುದೇನೋ ನಿಜ. 12ರಿಂದ 24 ವರ್ಷದೊಳಗಿನವರಲ್ಲಿ ಶೇ. 85ರಷ್ಟು ಮಂದಿಗೆ ಸ್ವಲ್ಪವಾದರೂ ಮೊಡವೆ ಬರುತ್ತದೆಂದು ಅಮೆರಿಕದ ಚರ್ಮರೋಗ ತಜ್ಞರು ಅಂದಾಜಿಸಿದ್ದಾರೆ. ಇಡೀ ಜಗತ್ತಿನ ಕಾಯಿಲೆಗಳ ಭಾರವನ್ನು ಲೆಕ್ಕ ಹಾಕುವ ದೊಡ್ಡ ಅಧ್ಯಯನವೊಂದಿದೆ. ಅದರ 2010ರ ಲೆಕ್ಕದಲ್ಲಿ, ಅತಿ ಹೆಚ್ಚು ಜನರನ್ನು ಕಾಡುವ ಕಾಯಿಲೆಗಳ ಪೈಕಿ ಮೊಡವೆಗೆ ಎಂಟನೆಯ ಸ್ಥಾನ. 2021ರ ಲೆಕ್ಕದಂತೆ 10ರಿಂದ 24 ವರ್ಷದವರಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಇತ್ತು. 1990ರಿಂದೀಚೆಗೆ ಈ ಪ್ರಮಾಣ ಏರುತ್ತಲೇ ಬಂದಿದೆ. ಹುಡುಗರಿಗಿಂತ ಹುಡುಗಿಯರಲ್ಲಿ ಅದು ಸುಮಾರು ಕಾಲು ಭಾಗದಷ್ಟು ಜಾಸ್ತಿ.

ಮೊಡವೆಯಿಂದ ಯಾರೂ ಸಾಯುವುದಿಲ್ಲವಲ್ಲ, ಮತ್ತೆ ಭಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಾಯಿಲೆಯ ಜೊತೆ ಕಳೆದ ವರ್ಷಗಳನ್ನೂ ತಜ್ಞರು ತೂಗಿ ನೋಡುತ್ತಾರೆ. ಈ ತೂಕವನ್ನು ಕಂಡುಕೊಳ್ಳಲು ಅವರು ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾ ಮತ್ತು ಅಮೆರಿಕದ ಸುಮಾರು 14 ಸಾವಿರ ಜನಸಾಮಾನ್ಯರನ್ನು ಮಾತನಾಡಿಸಿದರು. ಇಬ್ಬರು ವ್ಯಕ್ತಿಗಳ ಸ್ಥಿತಿಯನ್ನು ವಿವರಿಸಿ, ಇವರಲ್ಲಿ ಯಾರು ಹೆಚ್ಚು ಆರೋಗ್ಯವಂತರೆಂದು ಕೇಳಿದರು. ಮೊಡವೆಗೆ ಅನ್ವಯಿಸುವ ವಿವರಣೆಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅದರಲ್ಲಿ ನೋವು, ತುರಿಕೆಗಿಂತ ಮೊದಲು ಬರುವುದು ಇತರರ ವರ್ತನೆ. ಸೌಮ್ಯವಾಗಿದ್ದರೆ ಬೇರೆಯವರ ಗಮನಕ್ಕೆ ಬರುತ್ತದೆ, ಸ್ವಲ್ಪ ಚಿಂತೆಯಾಗುತ್ತದೆ. ಹೆಚ್ಚಾದರೆ ಜನ ದಿಟ್ಟಿಸಿ ನೋಡುತ್ತಾರೆ, ಏನಾದರೂ ಅನ್ನುತ್ತಾರೆ, ಅದರಿಂದ ನಿದ್ದೆ ಕೆಡುತ್ತದೆ, ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ತೀವ್ರವಾದರೆ ವ್ಯಕ್ತಿ ಜನರಿಂದಲೇ ದೂರವಾಗುತ್ತಾನೆ. ಅಂದರೆ ಈ ಭಾರದ ದೊಡ್ಡ ಪಾಲು ಚರ್ಮದ್ದಲ್ಲ, ಸುತ್ತಲಿರುವ ನಮ್ಮ ಕಣ್ಣು ಮತ್ತು ನಾಲಿಗೆಯದ್ದು.

ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 18-19 ವರ್ಷದ 3,775 ಮಂದಿಯ ಬಗ್ಗೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊಡವೆ ಇಲ್ಲದ ಅಥವಾ ಅಲ್ಪವಿದ್ದ ಹುಡುಗಿಯರಿಗೆ ಹೋಲಿಸಿದರೆ, ತೀರಾ ಹೆಚ್ಚು ಮೊಡವೆ ಇದ್ದ ಹುಡುಗಿಯರಲ್ಲಿ ಬದುಕೇ ಬೇಡವೆಂಬ ಯೋಚನೆ ಎರಡು ಪಟ್ಟು ಹೆಚ್ಚಾಗಿತ್ತು. ಹುಡುಗರಲ್ಲಿ ಅದು ಮೂರು ಪಟ್ಟು! ಗಂಡು ಮಕ್ಕಳು ಇಂತಹದ್ದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಮಗ ಸಿಡುಕುತ್ತಾನೆ, ಫೋಟೋಗೆ ನಿಲ್ಲುವುದಿಲ್ಲ ಎಂದು ದೂರುವ ತಾಯಂದಿರು ಇದನ್ನು ಗಮನಿಸಬೇಕು.

ನಮ್ಮಲ್ಲಂತೂ ಮದುವೆ ಮನೆಗೆ ಹೋದರೆ ಸಾಕು. ಸಲಾಮ್ ಹೇಳಿ ಮುಗಿಸುವ ಮೊದಲೇ "ಅಯ್ಯೋ, ಮುಖಕ್ಕೆ ಏನಾಯಿತು?" ಎನ್ನುವ ಮಾಮಿಯೊಬ್ಬರು ಎದುರಾಗುತ್ತಾರೆ. ಅವರ ಕಳಕಳಿ ಸುಳ್ಳಲ್ಲ. ಆದರೆ ಹುಡುಗಿ ಮುಂದಿನ ಸಮಾರಂಭಕ್ಕೆ ಪರೀಕ್ಷೆಯ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾಳೆ.

ಮುಖ ಸರಿಯಾಗಿ ತೊಳೆಯದೆ ಮೊಡವೆ ಬರುತ್ತದೆಂಬುದು ಇನ್ನೊಂದು ಆರೋಪ. ಪ್ರಾಯಕ್ಕೆ ಬರುವಾಗ ಏರುವ ಹಾರ್ಮೋನುಗಳು ಚರ್ಮದಡಿಯ ಗ್ರಂಥಿಗಳಿಂದ ಹೆಚ್ಚು ಜಿಡ್ಡನ್ನು ಹೊರಡಿಸುತ್ತವೆ. ಸತ್ತ ಜೀವಕೋಶಗಳು ಆ ಜಿಡ್ಡಿನೊಂದಿಗೆ ಸೇರಿ ರೋಮರಂಧ್ರವನ್ನು ಮುಚ್ಚುತ್ತವೆ. ಚರ್ಮದಲ್ಲಿ ಸದಾ ಇರುವ ಬ್ಯಾಕ್ಟೀರಿಯಾ ಒಳಗೆ ಬೆಳೆದು ಬಾವು ಬರುತ್ತದೆ. ಇಷ್ಟೂ ನಡೆಯುವುದು ಒಳಗೆ. ರಂಧ್ರದ ಬಾಯಿಯಲ್ಲಿ ಕಾಣುವ ಕಪ್ಪು ಚುಕ್ಕೆ ಕೂಡಾ ಕೊಳೆಯಲ್ಲ. ಅದನ್ನು ಉಜ್ಜಿ ತೆಗೆಯ ಹೊರಟರೆ ಚರ್ಮ ಕೆರಳುತ್ತದೆ. ನಿಂಬೆರಸ, ಟೂತ್‌ಪೇಸ್ಟ್ ಮಾಡುವುದೂ ಅದನ್ನೇ. ಹಿಸುಕಿದರೆ ಗುಳಿ ಬೀಳುತ್ತದೆ. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಆಹಾರದ ವಿಷಯ ಸ್ವಲ್ಪ ಕುತೂಹಲದ್ದು. ಪಾಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ 1,200 ಮಂದಿಯನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಕಾಣಲಿಲ್ಲವೆಂದು 2002ರಲ್ಲಿ ವರದಿಯಾಗಿತ್ತು. ಅವರು ತಿನ್ನುವುದು ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ. ನಮ್ಮ ಕರಾವಳಿಯವರು ಮೀನು, ತೆಂಗಿನಕಾಯಿಯನ್ನು ದೂರುವಂತಿಲ್ಲ! ಸಕ್ಕರೆ, ಮೈದಾ, ತಂಪು ಪಾನೀಯಗಳನ್ನು ಕಡಿಮೆ ಮಾಡಿದರೆ ಕೆಲವರಿಗೆ ಅನುಕೂಲವಾಗುತ್ತದೆ. ಅಷ್ಟರಿಂದಲೇ ಎಲ್ಲರ ಮೊಡವೆ ಮಾಯವಾಗುವುದಿಲ್ಲ.

ಮೆಡಿಕಲ್ ಶಾಪಿನ ಟ್ಯೂಬು

ನಿಜವಾದ ಅಪಾಯವಿರುವುದು ಇಲ್ಲಿ. ನೆರೆಮನೆಯವರು ಹೇಳಿದರೆಂದು, ಅಂಗಡಿಯವನು ಕೊಟ್ಟನೆಂದು ತರುವ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್‌ನಂತಹ ಸ್ಟಿರಾಯ್ಡ್ ಇರಬಹುದು. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾಗುತ್ತದೆ, ಮನೆಮಂದಿಗೆಲ್ಲ ಖುಷಿ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ. ನಿಲ್ಲಿಸಿದರೆ ಉರಿ. ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುವುದು. ಭಾರತದ 12 ಕೇಂದ್ರಗಳಲ್ಲಿ ಮುಖದ ತೊಂದರೆಗಾಗಿ ಬಂದ 2,926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ ಇಂತಹ ಸ್ಟಿರಾಯ್ಡ್ ಹಚ್ಚುತ್ತಿದ್ದರೆಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಅತಿ ಹೆಚ್ಚಾಗಿ ಕಂಡ ಅಡ್ಡಪರಿಣಾಮ ಮೊಡವೆಯೇ! 2018ರಲ್ಲಿ ಕೇಂದ್ರ ಸರಕಾರ ಇಂತಹ 14 ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಗಲ್ಫಿನಿಂದ ಪೆಟ್ಟಿಗೆಯಲ್ಲಿ ಬರುವ, ಒಳಗೇನಿದೆಯೆಂದು ಬರೆಯದ ಬಿಳುಪಿನ ಕ್ರೀಮುಗಳಿಗೆ ಆ ತಡೆಯೂ ಇಲ್ಲ.

ಸರಿಯಾದ ಮದ್ದುಗಳು ಇವೆ, ಆದರೆ ಅವು ನಿಧಾನ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲಿನ್ ಮುಂತಾದುವುಗಳನ್ನು ಎರಡು ಮೂರು ತಿಂಗಳು ಹಚ್ಚಿದ ಮೇಲೆಯೇ ಫಲ ಹೇಳಲು ಸಾಧ್ಯ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುವುದನ್ನು ಕಂಡು ಅನೇಕರು ಬಿಟ್ಟುಬಿಡುತ್ತಾರೆ. ಆಂಟಿಬಯೋಟಿಕ್ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ದಿನ ಕೊಡಿ, ಹಳೆಯ ಚೀಟಿ ಹಿಡಿದು ಪುನಃ ಪುನಃ ತರಬೇಡಿ. ಮೊಡವೆಯ ಜೊತೆಗೆ ಮುಟ್ಟು ತಪ್ಪುವುದು, ಗಲ್ಲದಲ್ಲಿ ಕೂದಲು, ತೂಕ ಏರುವುದು ಇವೆಲ್ಲ ಇದ್ದರೆ ಅಂಡಾಶಯದ ತೊಂದರೆ ಇರಬಹುದು. ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು.

ಕೊನೆಯದಾಗಿ, ಮದುವೆ ಹತ್ತಿರವಿರುವ ಹುಡುಗಿಯರ ತಾಯಂದಿರಿಗೆ ಒಂದು ಮಾತು. ತೀವ್ರ ಮೊಡವೆಗೆ ಐಸೊಟ್ರೆಟಿನೋಯಿನ್ ಎಂಬ ಮಾತ್ರೆ ಕೊಡುತ್ತಾರೆ. ಬಹಳ ಪರಿಣಾಮಕಾರಿ. ಆದರೆ ಅದನ್ನು ಸೇವಿಸುವಾಗ ಮತ್ತು ನಿಲ್ಲಿಸಿದ ಒಂದು ತಿಂಗಳೊಳಗೆ ಗರ್ಭ ನಿಂತರೆ ಮಗುವಿಗೆ ಘೋರವಾದ ಅಂಗವೈಕಲ್ಯ ಬರಬಹುದು. ನಿಕಾಹ್ ನಿಶ್ಚಯವಾಗಿದ್ದರೆ ಅದರ ದಿನಾಂಕವನ್ನು ಮಾತ್ರೆ ಬರೆಯುವ ಮೊದಲೇ ವೈದ್ಯರಿಗೆ ತಿಳಿಸಿ. ಮದುಮಗಳ ಬ್ಯಾಗಿನಲ್ಲಿ ಹಳೆಯ ಮಾತ್ರೆಯ ಪಟ್ಟಿ ಉಳಿದಿದೆಯೇ ಎಂದೂ ಒಮ್ಮೆ ನೋಡಿ.